ಎರಡನೆಯ ಕಲ್ಲಿನ ತಿಳಿನೀರು

ಆ ಊರಿನಲ್ಲಿ ನೆರಳನ್ನು ಒಗೆಯುತ್ತಿದ್ದರು.

ಬಟ್ಟೆಯನ್ನು ಯಾವ ಊರಿನವರಾದರೂ ಒಗೆಯುತ್ತಾರೆ, ಅದರಲ್ಲೇನಿದೆ ಎಂಬುದು ಅವರ ಹೆಮ್ಮೆ. ಹುಣ್ಣಿಮೆ ಹುಣ್ಣಿಮೆಗೆ, ಬಿಸಿಲು ಓರೆಯಾಗಿ ನೆರಳು ಉದ್ದವಾಗುವ ಹೊತ್ತಿಗೆ, ಊರಿಗೆ ಊರೇ ಮೆಟ್ಟಿಲಿಳಿದು ಕೆರೆಗೆ ಬರುತ್ತಿತ್ತು. ಕೆರೆಯ ಅಂಚಿಗೆ ಒಂಬತ್ತು ಕಲ್ಲು. ಪ್ರತಿಯೊಬ್ಬರಿಗೂ ಅವುಗಳಲ್ಲೊಂದು ತಮ್ಮದು. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಕು. ನೆರಳು ಕಲ್ಲಿನ ಮೇಲೆ ಬೀಳಬೇಕು. ಮೊದಲು ಸೊಂಟ ಮುಟ್ಟಿಕೊಂಡು, ಆಮೇಲೆ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು, ನೀರು ಸುರಿದು ಬಡಿಯುವ ಮರದ ಕೊಡತಿ ಎತ್ತಬೇಕು. ಪ್ರತಿ ಪೆಟ್ಟಿಗೂ ಆ ಕಲ್ಲಿನ ಮಾತನ್ನು, ಎಂದರೆ ಆ ಕಲ್ಲಿನವರ ದೋಷವನ್ನು, ಹೇಳಬೇಕು. ಆಗ ನೆರಳಿನ ಕೊಳೆ ಬಣ್ಣವಾಗಿ ಇಳಿಯುತ್ತಿತ್ತು. ಒಂದನೆಯ ಕಲ್ಲಿನಿಂದ ಕೆಂಪು, ಎರಡನೆಯದರಿಂದ ಅಕ್ಕಿ ತೊಳೆದ ಹಾಗೆ ಬಿಳಿ, ಆರನೆಯದರಿಂದ ಬೂದಿ, ಎಂಟನೆಯದರಿಂದ ಕಾಡಿಗೆಯಂಥ ಕಪ್ಪು. ಬಣ್ಣ ಗಾಢವಾದಷ್ಟೂ ಒಗೆದವರು ಪ್ರಾಮಾಣಿಕರೆಂದು ಲೆಕ್ಕ. ಕೆರೆಯ ನೀರು ಆ ಸಂಜೆ ಹೋಳಿಯಾಡಿದ ಹಾಗೆ ಕಾಣುತ್ತಿತ್ತು. ಮರುದಿನ ಅದೇ ನೀರನ್ನು ಎಲ್ಲರೂ ಕುಡಿಯುತ್ತಿದ್ದರು.

ಯಾರ ಕಲ್ಲು ಯಾವುದು ಎಂದು ಹೇಳುವವಳು ಕಲ್ಲಜ್ಜಿ. ಮೀಸೆ ಮೂಡಿದ ಹುಡುಗರನ್ನೂ ಜಡೆ ಭಾರವಾದ ಹುಡುಗಿಯರನ್ನೂ ಅವಳು ಒಂಬತ್ತು ಕಲ್ಲುಗಳ ಪಕ್ಕದಲ್ಲಿ ನಡೆಸುತ್ತಿದ್ದಳು. ಯಾವ ಕಲ್ಲಿನ ಮೇಲೆ ನೆರಳು ತಡವರಿಸುತ್ತದೋ ಅದು ಅವರ ಕಲ್ಲು. ನೆರಳು ತಡವರಿಸಿದ್ದು ಅವಳಿಗೆ ಮಾತ್ರ ಕಾಣುತ್ತಿತ್ತು. ಕಲ್ಲಜ್ಜಿ ಸ್ವತಃ ಎಂದೂ ಒಗೆದವಳಲ್ಲ. ಮೇಲಿನ ಮೆಟ್ಟಿಲಲ್ಲಿ, ಆಲದ ಮರದ ಕೆಳಗೆ, ಎಲೆಯಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಮರದ ನೆರಳಲ್ಲಿ ಕೂತವರ ನೆರಳು ಎಲ್ಲಿ ಬೀಳುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಒಮ್ಮೆ ಕಲ್ಲು ಗೊತ್ತಾದರೆ ಬದುಕು ಹಗುರ. ಎಂಟನೆಯ ಕಲ್ಲಿನವನೊಬ್ಬನಿದ್ದ, ಅವನನ್ನು ದೊಡ್ಡ ದನಿಯವನು ಎನ್ನುತ್ತಿದ್ದರು. ತನ್ನ ಗೋಡೆಯನ್ನು ಪಕ್ಕದವರ ಜಾಗಕ್ಕೆ ಸರಿಸಿ ಕಟ್ಟಿಸಿಕೊಂಡಾಗ ಅವನು ಹೇಳಿದ್ದು ಇಷ್ಟೇ: "ನಾನು ಎಂಟನೇ ಕಲ್ಲಿನವನಪ್ಪ, ನನ್ನ ಸ್ವಭಾವಾನೇ ಹಾಗೆ. ಹುಣ್ಣಿಮೆಗೆ ಒಗೀತೀನಿ ಬಿಡು." ಒಗೆದ. ಕಪ್ಪು ಬಂತು. ಗೋಡೆ ಮಾತ್ರ ಅಲ್ಲೇ ಉಳಿಯಿತು. ಹೊಸ ಸೊಸೆ ಬಂದರೆ ಮೊದಲು ಕೇಳುವುದು ಅಡುಗೆಯನ್ನಲ್ಲ, ಕಲ್ಲನ್ನು. ಗಂಡ ಹೆಂಡಿರು ಜಗಳವಾಡುವಾಗ ಹೆಸರು ಹಿಡಿಯುತ್ತಿರಲಿಲ್ಲ. ಮೂರು, ಏಳು ಎಂದು ಬೈದುಕೊಳ್ಳುತ್ತಿದ್ದರು. ತಮ್ಮ ನೆರಳಿಗಿಂತ ಪಕ್ಕದವರ ನೆರಳನ್ನೇ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಬಣ್ಣ ಬಿಡದ ನೆರಳಿಗೆ ಇನ್ನೊಂದು ಹುಣ್ಣಿಮೆಯ ಅವಕಾಶ. ಆಗಲೂ ಬಿಡದಿದ್ದರೆ ಆ ಮನುಷ್ಯನಿಗೆ ಕಲ್ಲಿಲ್ಲ, ಕಲ್ಲಿಲ್ಲದವರಿಗೆ ಊರಿಲ್ಲ. ಕೆರೆಯ ಏರಿ ಹತ್ತಿ ಆಚೆ ಇಳಿದುಹೋಗಬೇಕು. ಹಾಗೆ ಹೋದವನೊಬ್ಬನ ಮನೆ ಊರ ನಡುವೆ ಬಾಗಿಲು ತೆರೆದೇ ನಿಂತಿತ್ತು. ಮುಚ್ಚಲು ಹೋದರೆ ತಮ್ಮ ನೆರಳು ಒಳಗೆ ಬೀಳುತ್ತದೆಂದು ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಗಾಳಿ ಬಂದಾಗ ಆ ಬಾಗಿಲು ಬಡಿದುಕೊಳ್ಳುವುದು ಊರಿಗೆಲ್ಲ ಕೇಳುತ್ತಿತ್ತು.

ಎರಡನೆಯ ಕಲ್ಲಿನವಳನ್ನು ಬಡಿಸುವವಳು ಎಂದು ಕರೆಯುತ್ತಿದ್ದರು. ಯಾರ ಮನೆಯಲ್ಲಿ ಒಲೆ ಹತ್ತಲಿಲ್ಲವೋ ಆ ಮನೆಯ ಬಾಗಿಲಿಗೆ ಅವಳ ಪಾತ್ರೆ ಮೊದಲು ಬರುತ್ತಿತ್ತು. ಬೇಡ ಎಂದವರಿಗೆ ಎರಡು ಸಲ ಬಡಿಸುತ್ತಿದ್ದಳು. ಹುಣ್ಣಿಮೆಯಂದು ಅವಳಷ್ಟು ಜೋರಾಗಿ ಕೊಡತಿ ಬೀಸುವವರು ಇರಲಿಲ್ಲ. "ಕೊಟ್ಟು ಕಟ್ಟಿಹಾಕುವವಳು ನಾನು, ಕೊಟ್ಟು ಕಟ್ಟಿಹಾಕುವವಳು" ಎಂದು ಎರಡನೆಯ ಕಲ್ಲಿನ ಮಾತನ್ನು ರಾಗವಾಗಿ ಹೇಳಿಕೊಂಡು, ಪ್ರತಿಸಲವೂ ಒಂದೇ ಜಾಗದಲ್ಲಿ ನಿಂತು, ಒಂದೇ ಜಾಗಕ್ಕೆ ಹೊಡೆಯುತ್ತಿದ್ದಳು. ಹಾಲಿನಂಥ ನೀರು ಇಳಿಯುತ್ತಿತ್ತು. "ನೋಡಿ ಕಲೀರಿ" ಎಂದು ತಾಯಂದಿರು ಹೆಣ್ಣುಮಕ್ಕಳಿಗೆ ತೋರಿಸುತ್ತಿದ್ದರು.

ಅಂಥವಳ ಕಲ್ಲಿನಿಂದ ಒಂದು ಹುಣ್ಣಿಮೆ ತಿಳಿನೀರು ಇಳಿಯಿತು.

ಅವಳು ಇನ್ನಷ್ಟು ಬಲವಾಗಿ ಹೊಡೆದಳು. ತಿಳಿನೀರು. ಇನ್ನೊಂದು ಬಿಂದಿಗೆ ಸುರಿದಳು. ಕಲ್ಲಿನ ಮೇಲೆ ತನ್ನ ನೆರಳು, ಅದರ ಮೇಲೆ ನೀರು, ನೀರಿನಡಿಯಲ್ಲಿ ಮತ್ತೆ ಅದೇ ನೆರಳು. ಅಕ್ಕಪಕ್ಕದ ಕಲ್ಲುಗಳ ಕೊಡತಿಗಳು ಒಂದೊಂದಾಗಿ ನಿಂತವು.

"ಏನಮ್ಮ ತಾಯಿ," ಎಂದ ದೊಡ್ಡ ದನಿಯವನು ತನ್ನ ಕಲ್ಲಿನಿಂದಲೇ, "ಕೊಳೆ ಎಲ್ಲಿಟ್ಟು ಬಂದೆ?"

ಯಾರೋ ನಕ್ಕರು. ನಗು ಬೇಗ ನಿಂತಿತು. ಎಲ್ಲರೂ ಮೇಲಿನ ಮೆಟ್ಟಿಲ ಕಡೆ ನೋಡಿದರು. ಕಲ್ಲಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, "ಇನ್ನೊಂದು ಹುಣ್ಣಿಮೆ ಇದೆಯಲ್ಲ" ಎಂದಳು.

ಅಂದಿನಿಂದ ಊರು ಅವಳ ಪಾತ್ರೆಯನ್ನು ಮುಚ್ಚಳ ತೆಗೆದು ಮೂಸಿ ನೋಡತೊಡಗಿತು. ಕೊಳೆಯೇ ಇಲ್ಲದವಳು ಇಷ್ಟು ವರ್ಷ ಬಿಳಿ ಬಿಟ್ಟಿದ್ದು ಹೇಗೆ? ಕೊಳೆ ಇರುವವಳಾದರೆ ಅದನ್ನೀಗ ಎಲ್ಲಿ ಬಚ್ಚಿಟ್ಟಳು? ಅವಳು ಕೊಟ್ಟ ಸಾರನ್ನು ಇಸಿದುಕೊಂಡು, ಅವಳು ಬೀದಿಯ ತಿರುವು ದಾಟಿದ ಮೇಲೆ ಬಚ್ಚಲಿಗೆ ಸುರಿದರು. ಅವಳ ಗಂಡ ಆರನೆಯ ಕಲ್ಲಿನವನು, ನಂಬುವ ಮೊದಲು ನಡುಗುವವನು. ಅವನು ಹಿತ್ತಲಿನ ಒಗೆಯುವ ಕಲ್ಲನ್ನು ಬೆರಳಿನಿಂದ ಉಜ್ಜಿ ನೋಡಿ ಬಂದ.

"ಮನೇಲಿ ಕದ್ದು ಒಗೆದೆಯೇನೇ?"

"ಇಲ್ಲ ರೀ. ಯಾಕೆ ಒಗೀಲಿ?"

"ನಂಗೇನು ಗೊತ್ತು? ನಾನು ಆರನೇ ಕಲ್ಲಿನವನು, ಅನುಮಾನ ಬರೋದು ಸಹಜ. ತಪ್ಪು ತಿಳ್ಕೋಬೇಡ."

ಅವಳು ತಪ್ಪು ತಿಳಿಯಲಿಲ್ಲ. ಆದರೆ ಅವನು ತಟ್ಟೆಯಲ್ಲಿ ಅನ್ನವನ್ನು ಕಾಳು ಕಾಳಾಗಿ ಬಿಡಿಸಿ ನೋಡಿ ತಿನ್ನುವುದನ್ನು ಕಂಡು, ಆಚೆ ಬಡಿದುಕೊಳ್ಳುತ್ತಿದ್ದ ಆ ಬಾಗಿಲು ಮೊದಲ ಬಾರಿಗೆ ಅವಳಿಗೆ ತನ್ನ ಮನೆಯದೇ ಎನ್ನಿಸಿತು.

ಅವಳ ಪಾತ್ರೆಯನ್ನು ಮೂಸದೆ ತೆಗೆದುಕೊಳ್ಳುತ್ತಿದ್ದವಳು ಒಬ್ಬಳೇ, ಪಕ್ಕದ ಮನೆಯ ಮಲಗಿದವಳು. ಈ ಗೆಳತಿ ನಾಲ್ಕನೆಯ ಕಲ್ಲಿನವಳು, ನೋವನ್ನು ಮುದ್ದಿಸಿಕೊಳ್ಳುವವಳು. ಕೆರೆಯ ಹಳೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಅದು ಆಗಿ ಎಷ್ಟೋ ಕಾಲವಾಗಿತ್ತು. ಅಂದಿನಿಂದ ಮೂರು ಹೊತ್ತೂ ಬಡಿಸುವವಳೇ ಅವಳಿಗೆ ಉಣಿಸಿ, ತಲೆ ಬಾಚಿ, ಹೊದಿಕೆ ಸರಿಮಾಡಿ ಬರುತ್ತಿದ್ದಳು. ಏಳಲಾರದವರು ಕೆರೆಗೆ ಬರಬೇಕಿಲ್ಲ. ಮಲಗಿದವರ ನೆರಳು ಅವರ ಮೈಯಡಿಯಲ್ಲೇ ಇರುವುದರಿಂದ ಕೊಳೆಯಾಗುವುದಿಲ್ಲವೆಂದು ಊರಿನ ನಂಬಿಕೆ.

"ಊರೆಲ್ಲ ನಿನ್ನ ಬಗ್ಗೆ ಏನೇನೋ ಅಂತಿದೆ ಕಣೇ," ಎಂದಳು ಮಲಗಿದವಳು ತುತ್ತು ನುಂಗುತ್ತ. "ಕಿಟಕಿ ಪಕ್ಕ ನಿಂತು ಮಾತಾಡ್ತಾರೆ. ಮಲಗಿದೋರಿಗೆ ಕಿವಿ ಕೇಳಲ್ಲ ಅಂದ್ಕೊಂಡಿದಾರೆ."

"ಅನ್ನಲಿ ಬಿಡು. ಇನ್ನೊಂದು ತುತ್ತು ತಗೋ."

"ಸಾಕು. ಇವತ್ತು ಕಾಲಲ್ಲಿ ಸ್ವಲ್ಪ ಬಲ ಬಂದ ಹಾಗಿದೆ."

"ಅವಸರ ಮಾಡಬೇಡ. ಮಲಕ್ಕೋ."

ಮಲಗಿದವಳು ಮಲಗಿದಳು.

ಮರುದಿನ ಬೆಳಿಗ್ಗೆ ಬಡಿಸುವವಳು ಒಬ್ಬಳೇ ಕೆರೆಗೆ ಹೋದಳು. ಹುಣ್ಣಿಮೆಯಲ್ಲದ ದಿನ ಕಲ್ಲುಗಳ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಎರಡನೆಯ ಕಲ್ಲಿನ ನಡುವೆ, ತಾನು ಹೊಡೆಯುತ್ತಿದ್ದ ಜಾಗದಲ್ಲಿ, ತಟ್ಟೆಯಷ್ಟು ಅಗಲದ ಗುಳಿ ಬಿದ್ದಿತ್ತು. ಅದರ ತಳ ಗಟ್ಟಿಯಾಗಿ, ಕಪ್ಪಗೆ, ನುಣ್ಣಗಿತ್ತು. ಬೆರಳಾಡಿಸಿದಳು; ಏನೂ ಅಂಟಲಿಲ್ಲ. ಕಲ್ಲಿನ ಅಂಚಿಗೆ, ಎಂದೂ ಹೊಡೆಯದ ಜಾಗಕ್ಕೆ ಬೆರಳು ಒಯ್ದಳು. ಬೆರಳು ಬೆಳ್ಳಗಾಯಿತು.

ಬಳಪ. ಮಕ್ಕಳು ಹಲಗೆಯ ಮೇಲೆ ಅಕ್ಷರ ತೀಡುವ ಬಳಪ. ಇಷ್ಟು ವರ್ಷ ಇಳಿದದ್ದು ಕಲ್ಲಿನ ಮೇಲ್ಪದರ. ಅವಳು ತನ್ನ ಕೈಯಾರೆ ಅದನ್ನು ಮುಗಿಸಿದ್ದಳು.

"ಅಷ್ಟು ಜೋರಾಗಿ ಯಾರು ಹೊಡಿ ಅಂದಿದ್ರು ನಿಂಗೆ?"

ಕಲ್ಲಜ್ಜಿ ಹಿಂದೆ ನಿಂತಿದ್ದಳು. ಬಿಸಿಲಿಗೆ ಬಂದಿರಲಿಲ್ಲ, ಮರದ ನೆರಳು ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಮಾತ್ರ ಬಂದಿದ್ದಳು.

"ಅಜ್ಜಿ, ಇದು ಕಲ್ಲಿನ ಬಣ್ಣ."

"ಮತ್ತೆ? ನೆರಳಿಗೆ ಎಲ್ಲಾದರೂ ಬಣ್ಣ ಇರುತ್ತಾ ತಾಯಿ?"

"ಹಾಗಾದರೆ ನೀವು ನಂಗೆ ಹೇಳಿದ ಗುರುತು ಸುಳ್ಳಾ?"

"ಸುಳ್ಳು ಅಂತ ಯಾರಂದ್ರು? ಗುರುತು ನಿಜ. ಆದ್ರೆ ನಿಜ ಕಣ್ಣಿಗೆ ಕಾಣಲ್ಲ ನೋಡು. ಏನೋ ಹರಿದುಹೋಯ್ತು ಅಂತ ಕಂಡರೆ ಜನ ನೆಮ್ಮದಿಯಾಗಿ ಮನೆಗೆ ಹೋಗ್ತಾರೆ." ಕಲ್ಲಜ್ಜಿ ಎಲೆಯಡಿಕೆ ಚೀಲದಿಂದ ಒಂದು ಬಳಪದ ಉಂಡೆ ತೆಗೆದು ಮೆಟ್ಟಿಲ ಮೇಲಿಟ್ಟಳು. "ಸೊಂಟಕ್ಕೆ ಸಿಕ್ಕಿಸ್ಕೋ. ಕಲ್ಲು ಮುಟ್ಟೋ ಮುಂಚೆ ಸೊಂಟ ಮುಟ್ಟಿಕೊಳ್ತೀವಲ್ಲ, ಆಗ ಅಂಗೈಗೆ ತಗೊಂಡು ಕಲ್ಲಿಗೆ ಒಂದು ಸಲ ಸವರು. ಮುಗೀತು."

"ಇದನ್ನ ಬೇರೆ ಯಾರಿಗಾದರೂ ಕೊಟ್ಟಿದ್ದೀರಾ?"

ಕಲ್ಲಜ್ಜಿ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ನೀನೊಬ್ಬಳೇ ಅಂದ್ಕೋ. ಅದೇ ಒಳ್ಳೇದು."

ಬಡಿಸುವವಳು ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಭಾರವಿರಲಿಲ್ಲ. ಮನೆಗೆ ಹೋಗುವಾಗ ಆ ತೆರೆದ ಬಾಗಿಲಿನ ಮುಂದೆ ಹಾದರೂ ಅದು ಬಡಿದುಕೊಳ್ಳಲಿಲ್ಲ. ಉಳಿದೆ ಎಂದುಕೊಂಡಳು.

ಅಂದು ಇಳಿಹೊತ್ತು ಊಟ ತೆಗೆದುಕೊಂಡು ಗೆಳತಿಯ ಕೋಣೆಗೆ ಹೋದಾಗ ಬಾಗಿಲಿನಿಂದ ಬಿಸಿಲು ಅವಳ ಬೆನ್ನ ಹಿಂದೆಯೇ ಒಳಗೆ ಬಂತು. ಅವಳಿಗಿಂತ ಮೊದಲು ಅವಳ ನೆರಳು ಹಾಸಿಗೆ ತಲುಪಿತು. ಎಷ್ಟು ಸಂಜೆ ಹೀಗೇ ಬಂದಿದ್ದಳೋ. ನೆರಳನ್ನು ನೋಡಬೇಕೆಂದು ಅನ್ನಿಸಿರಲಿಲ್ಲ. ಹುಣ್ಣಿಮೆಗೆ ಒಗೆಯುವುದಿದೆಯಲ್ಲ ಎಂದು ಬಿಟ್ಟಿದ್ದಳು. ಇಂದು ಕಣ್ಣು ಅಲ್ಲಿಗೇ ಹೋಯಿತು.

"ಇವತ್ತು ಎದ್ದು ಕೂತ್ಕೊಳ್ಳಾ?" ಎಂದಳು ಮಲಗಿದವಳು.

"ಬೇಡ ಬೇಡ," ಎನ್ನುತ್ತ ಬಡಿಸುವವಳು ಬಗ್ಗಿ ಹೊದಿಕೆಯನ್ನು ಭುಜದವರೆಗೆ ಎಳೆದಳು. ಅವಳ ಕೈ ಹೊದಿಕೆಯನ್ನು ಸವರುತ್ತಿತ್ತು. ನೆರಳಿನ ಕೈ ಸವರುತ್ತಿರಲಿಲ್ಲ. ನೆರಳು ಎರಡೂ ಅಂಗೈ ಬಿಡಿಸಿ, ಮಲಗಿದವಳ ಭುಜಗಳನ್ನು ಹಾಸಿಗೆಗೆ ಒತ್ತಿ ಹಿಡಿದಿತ್ತು.

ಅವಳು ಕೈ ಹಿಂದಕ್ಕೆ ತೆಗೆದಳು. ಸ್ವಲ್ಪ ಹೊತ್ತು ಬಿಟ್ಟು ನೆರಳೂ ತೆಗೆಯಿತು. ಮನಸ್ಸಿಲ್ಲದ ಹಾಗೆ.

"ಏನಾಯ್ತೇ?"

"ಏನಿಲ್ಲ. ಉಪ್ಪು ಸರಿಯಾಗಿದೆಯಾ?"

ಮನೆಗೆ ಬಂದು ಅವಳು ತನ್ನ ಕಲ್ಲಿನ ಮಾತನ್ನು ಮೆಲ್ಲಗೆ, ರಾಗವಿಲ್ಲದೆ, ಮೊದಲ ಸಲ ಕೇಳಿಸಿಕೊಳ್ಳುವವಳಂತೆ ಹೇಳಿಕೊಂಡಳು. ಕೊಟ್ಟು ಕಟ್ಟಿಹಾಕುವವಳು. ಕಲ್ಲಜ್ಜಿ ಸುಳ್ಳು ಹೇಳಿರಲಿಲ್ಲ. ಸುಳ್ಳಾಗಿದ್ದರೆ ಎಂದೋ ಚುಚ್ಚುತ್ತಿತ್ತು, ಮುಳ್ಳಿನಂತೆ ಕಿತ್ತೊಗೆಯುತ್ತಿದ್ದಳು. ನಿಜವಾಗಿದ್ದುದರಿಂದಲೇ ಅದು ನಾಲಗೆಯ ಮೇಲೆ ನುಣುಪಾಗಿ, ಹಾಡಾಗಿ, ಇಷ್ಟು ವರ್ಷ ಅವಳನ್ನು ಕಾಪಾಡಿತ್ತು. ಹೇಳಿದ್ದೇನೆ ಎನ್ನುವ ಧೈರ್ಯದಲ್ಲಿ ಅವಳು ಅದನ್ನೇ ಮಾಡುತ್ತ ಬಂದಿದ್ದಳು.

ಹುಣ್ಣಿಮೆ ಬಂತು. ಊರು ಬೇಗನೆ ಕೆರೆಗೆ ಇಳಿಯಿತು. ಏರಿ ಹತ್ತಿಸುವುದನ್ನು ನೋಡದೆ ಬಹಳ ಕಾಲವಾಗಿತ್ತಲ್ಲ. ಗಂಡ ತನ್ನ ಕಲ್ಲಿನ ಹತ್ತಿರ ನಿಂತು ಅವಳನ್ನು ನೋಡಿದ. ಹೋಗುತ್ತಾಳೆಂದು ಹೆದರಿದ್ದನೋ, ಹೋಗುವುದಿಲ್ಲವೆಂದು ಹೆದರಿದ್ದನೋ, ಆರನೆಯ ಕಲ್ಲಿನವರ ಮುಖ ನೋಡಿ ಹೇಳಲಾಗುವುದಿಲ್ಲ.

"ಸೊಂಟ ಮುಟ್ಟಿಕೊಳ್ಳಿ," ಎಂದಳು ಕಲ್ಲಜ್ಜಿ ಮೇಲಿನಿಂದ.

ಬಡಿಸುವವಳ ಕೈ ಸೊಂಟಕ್ಕೆ ಹೋಯಿತು. ಬಳಪ ಬೆರಳಿಗೆ ಸಿಕ್ಕಿತು. ಆಗ ಅವಳು, ಯಾಕೋ, ತಲೆಯೆತ್ತಿ ಸುತ್ತ ನೋಡಿದಳು.

ಒಂಬತ್ತು ಕಲ್ಲುಗಳ ಮುಂದೆ ಒಂದೇ ಸಲಕ್ಕೆ ಊರಿನ ಕೈಗಳೆಲ್ಲ ಸೊಂಟಕ್ಕೆ ಹೋಗಿದ್ದವು. ಪ್ರತಿ ಹುಣ್ಣಿಮೆಯೂ ಹೋಗುತ್ತಿದ್ದ ಕೈಗಳೇ. ಭಕ್ತಿಯೆಂದು ಅವಳು ತಿಳಿದಿದ್ದ ಕೈಗಳು. ಈಗ ನೋಡಿದರೆ ಪಂಚೆಯ ಮಡಿಕೆಯಲ್ಲಿ, ಸೆರಗಿನ ಗಂಟಿನಲ್ಲಿ ಬೆರಳುಗಳು ತಡಕುತ್ತಿದ್ದವು. ದೊಡ್ಡ ದನಿಯವನ ಮುಷ್ಟಿ ಮುಚ್ಚಿಕೊಂಡಿತು. ಮುಷ್ಟಿಯ ಸಂದಿಯಲ್ಲಿ ಇದ್ದಿಲಿನ ಪುಡಿ. ಎಲ್ಲರೂ ಕಲ್ಲು ಮುಟ್ಟಿದರು. ಎಲ್ಲರೂ ಒಮ್ಮೆ ಸವರಿದರು. ಪಕ್ಕದವರ ಕೈಯನ್ನು ಯಾರೂ ನೋಡಲಿಲ್ಲ. ನೋಡದಿರುವುದನ್ನು ಎಲ್ಲರೂ ಚೆನ್ನಾಗಿ ಕಲಿತಿದ್ದರು. ಕೊನೆಗೆ ಅವಳು ಗಂಡನ ಕಡೆ ನೋಡಿದಳು. ಹಿತ್ತಲಿನ ಕಲ್ಲನ್ನು ಉಜ್ಜಿ ನೋಡಿದ್ದ ಆ ಬೆರಳುಗಳ ತುದಿ ಬೂದಿಯಾಗಿತ್ತು.

ಅವಳು ಬಳಪವನ್ನು ಸೊಂಟದಲ್ಲೇ ಬಿಟ್ಟು ಬರಿಗೈಯನ್ನು ಕಲ್ಲಿಗೆ ಮುಟ್ಟಿಸಿ ಕೊಡತಿ ಎತ್ತಿದಳು.

ತಿಳಿನೀರು ಇಳಿಯಿತು.

"ಆಯ್ತಲ್ಲ," ಎಂದ ದೊಡ್ಡ ದನಿಯವನು. ಅವನ ಕಾಲ ಬಳಿ ಕಪ್ಪು ನೀರು ಧಾರಾಳವಾಗಿ ಹರಿಯುತ್ತಿತ್ತು. "ಏರಿ ಹತ್ತು ತಾಯಿ. ಇದರಲ್ಲಿ ನಮ್ಮದೇನಿಲ್ಲ, ನೆರಳೇ ಹೇಳ್ತಿದೆ."

"ಹತ್ತುತೀನಿ ಅಣ್ಣ," ಎಂದಳು ಅವಳು. "ಅದಕ್ಕೆ ಮುಂಚೆ ನನ್ನ ಕೊಳೆ ಹೇಳಿ ಹೋಗ್ತೀನಿ. ಪಕ್ಕದ ಮನೆಯವಳು ಎದ್ದು ಕೂತ್ಕೋತೀನಿ ಅಂತ ಎಷ್ಟೋ ದಿನದಿಂದ ಅಂತಿದಾಳೆ. ನಾನೇ ಮಲಗು ಮಲಗು ಅಂತ ಮಲಗಿಸಿದೀನಿ. ಅವಳು ಎದ್ದುಬಿಟ್ರೆ ಮೂರು ಹೊತ್ತೂ ನಾನು ಎಲ್ಲಿಗೆ ಹೋಗಲಿ?"

ಎತ್ತಿದ ಕೊಡತಿಗಳು ಕೆಳಗಿಳಿದವು. ಅಂಥ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೆ ರಾಗವಿರಲಿಲ್ಲ, ಬಣ್ಣವಿರಲಿಲ್ಲ, ಅದರಲ್ಲಿ ಒಬ್ಬ ನಿಜವಾದ ಹೆಂಗಸು ಹಾಸಿಗೆಯ ಮೇಲೆ ಮಲಗಿದ್ದಳು.

"ಇದು ಎಷ್ಟನೇ ಕಲ್ಲಿನ ಮಾತು?" ಎಂದು ಗಂಡ ನಡುಗುತ್ತ ಕೇಳಿದ.

ಯಾರಿಗೂ ಗೊತ್ತಿರಲಿಲ್ಲ. ಇದೂ ಒಂದು ಉಪಾಯವೇ ಇರಬೇಕು ಎಂದರು ಕೆಲವರು. ಹೋಗಿ ನೋಡೋಣ ಎಂದರು ಉಳಿದವರು. ಊರಿಗೆ ಊರೇ ಒದ್ದೆ ಕಾಲಿನಲ್ಲಿ ಮೆಟ್ಟಿಲು ಹತ್ತಿ ಮಲಗಿದವಳ ಮನೆಗೆ ನುಗ್ಗಿತು.

ಹಾಸಿಗೆ ಖಾಲಿ. ಮಲಗಿದವಳು ಅಡುಗೆಮನೆಯಲ್ಲಿ ನಿಂತುಕೊಂಡು, ಮೇಲಿನ ಹಲಗೆಯ ಉಪ್ಪಿನಕಾಯಿ ಜಾಡಿಗೆ ಮೊಣಕೈವರೆಗೆ ಕೈ ಹಾಕಿದ್ದಳು.

ಜಾಡಿಯಿಂದ ಕೈ ತೆಗೆಯದೆಯೇ ಎಲ್ಲರನ್ನೂ ನೋಡಿದಳು. ಕೊನೆಗೆ ಗೆಳತಿಯನ್ನು ನೋಡಿ, "ನೀ ಮಾಡೋ ಸಾರಲ್ಲಿ ಖಾರ ಇರಲ್ಲ ಕಣೇ," ಎಂದಳು.

"ಯಾವಾಗಿಂದ?" ಎಂದಳು ಬಡಿಸುವವಳು. ಕೇಳಿದ್ದು ಖಾರದ ಬಗ್ಗೆಯಲ್ಲ.

"ಹೋದ ಬೇಸಿಗೆಯಿಂದ. ನೀ ಬರೋ ಸದ್ದಾದ್ರೆ ಮಲಗ್ತಿದ್ದೆ. ಎದ್ದುಬಿಟ್ರೆ ಪಾಪ ಬೇಜಾರು ಮಾಡ್ಕೋತಾಳೆ ಅನ್ನಿಸ್ತು." ಜಾಡಿಯಿಂದ ಕೈ ತೆಗೆದು, "ಸುಳ್ಳು ಯಾಕೆ ಹೇಳಲಿ, ಮಲಗಿದ್ದೋಳಿಗೆ ಊರೆಲ್ಲ ಅಯ್ಯೋ ಅಂತಿತ್ತು. ಎದ್ದು ಓಡಾಡೋಳಿಗೆ ಯಾರಂತಾರೆ?"

ಊರು ತಲೆ ಕೆರೆದುಕೊಂಡಿತು. ಇವರಿಬ್ಬರಲ್ಲಿ ಯಾರು ಎರಡನೆಯ ಕಲ್ಲು, ಯಾರು ನಾಲ್ಕನೆಯದು? ಯಾರು ಯಾರನ್ನು ಮಲಗಿಸಿದರು? ಮತ್ತೂ ಕೆಟ್ಟ ಯೋಚನೆಯೊಂದು ಒಬ್ಬೊಬ್ಬರ ಬೆನ್ನ ಮೇಲೂ ಇರುವೆಯಂತೆ ಹತ್ತಿತು: ನನ್ನ ಮನೆಯಲ್ಲಿ ಯಾರು ಮಲಗಿದ್ದಾರೆ? ಎಲ್ಲರೂ ಒಂದೇ ಸಲ ಕಲ್ಲಜ್ಜಿಯ ಕಡೆ ತಿರುಗಿದರು. ಯೋಚನೆ ಮಾಡುವುದಕ್ಕಿಂತ ಅದು ಸುಲಭ.

ಕಲ್ಲಜ್ಜಿ ಬಾಗಿಲ ಮರೆಯ ಕತ್ತಲಲ್ಲಿ ನಿಂತಿದ್ದಳು. ಬಹಳ ಹೊತ್ತು ಅಗಿದು ಹೇಳಿದಳು: "ಹತ್ತನೆಯ ಕಲ್ಲು ಬೇಕು."

ಊರು ಉಸಿರು ಬಿಟ್ಟಿತು.

ಮುಂದಿನ ಹುಣ್ಣಿಮೆಗೆ ಕಲ್ಲು ಬಂತು. ಎಲ್ಲಕ್ಕಿಂತ ದೊಡ್ಡದು, ಎತ್ತುಗಳ ಮೇಲೆ ಕೂಗಿ ಕೂಗಿ ದೊಡ್ಡ ದನಿಯವನೇ ಎಳೆಸಿ ತಂದದ್ದು. ಅದರ ಮುಂದೆ ಎಲ್ಲಕ್ಕಿಂತ ಉದ್ದದ ಸಾಲು. "ಏಳುತ್ತೇನೆ ಅಂದವಳನ್ನು ಮಲಗಿಸಿದವಳು ನಾನು, ಮಲಗಿಸಿದವಳು" ಎಂದು ಹೆಂಗಸರು ರಾಗ ಕಟ್ಟಿ ಹೇಳುತ್ತ ಹೊಡೆದರು. ಗಂಡಸರು ಅದನ್ನು ಗಂಡಸರ ಮಾತಿಗೆ ತಿರುಗಿಸಿಕೊಂಡರು. ಬಡಿಸುವವಳ ಗಂಡನೂ ಆ ಸಾಲಿನಲ್ಲಿದ್ದ, ಆರನೆಯ ಕಲ್ಲು ಯಾಕೋ ತನಗೆ ಹೊಂದುತ್ತಿರಲಿಲ್ಲ ಎಂದು ಹಿಂದಿನವನಿಗೆ ಹೇಳುತ್ತಿದ್ದ. ಕಲ್ಲಿನಿಂದ ಚಂದದ ನೇರಳೆ ಬಣ್ಣ ಇಳಿಯಿತು. ಕಲ್ಲಜ್ಜಿಗೆ ಅದು ಎಲ್ಲಿ ಸಿಕ್ಕಿತೋ.

ಆ ಕಲ್ಲು ಬಡಿಸುವವಳಿಂದಲೇ ಬಂದದ್ದರಿಂದ ಅವಳನ್ನು ಕಲ್ಲಿಲ್ಲದವಳು ಎನ್ನುವಂತಿರಲಿಲ್ಲ. ಏರಿ ಹತ್ತಿಸುವ ಮಾತು ಬಿದ್ದುಹೋಯಿತು. ಅವಳು ಮೇಲಿನ ಮೆಟ್ಟಿಲಲ್ಲಿ ನಿಂತು ಸಾಲನ್ನು ನೋಡಿದಳು.

"ಅಜ್ಜಿ, ಉಂಡೆ ಎಲ್ಲರ ಹತ್ತಿರವೂ ಇದೆ. ಊರಿಗೆ ಗೊತ್ತಾ?"

"ಒಬ್ಬೊಬ್ಬರಿಗೂ ಗೊತ್ತು," ಎಂದಳು ಕಲ್ಲಜ್ಜಿ. "ಊರಿಗೆ ಗೊತ್ತಿಲ್ಲ."

ಬಡಿಸುವವಳು ಸೊಂಟದಿಂದ ಬಳಪ ತೆಗೆದು ಅವಳ ಚೀಲದ ಪಕ್ಕ ಇಟ್ಟಳು. ಕಲ್ಲಜ್ಜಿ ಇನ್ನೊಬ್ಬರಿಗೆ ಆಗುತ್ತದೆಂದು ಅದನ್ನು ಒಳಗೆ ಹಾಕಿಕೊಂಡಳು.

ಕಲ್ಲುಗಳ ಸಾಲು ಮುಗಿದ ಮೇಲೆ, ಬರೀ ಕೆಸರಿದ್ದ ಕಡೆಗೆ ಕೆಲವು ಹಳೆಯ ಮೆಟ್ಟಿಲುಗಳು ಇಳಿಯುತ್ತಿದ್ದವು. ಗೆಳತಿಯರಿಬ್ಬರೂ ಅತ್ತ ನಡೆದರು. ಮಲಗಿದವಳು ಎಂದು ಅವಳನ್ನು ಈಗ ಕರೆಯುವಂತಿರಲಿಲ್ಲ, ಬೇರೆ ಹೆಸರು ಇನ್ನೂ ಬಂದಿರಲಿಲ್ಲ. ಹಿಂದೊಮ್ಮೆ ಜಾರಿದ ಮೆಟ್ಟಿಲು ಬಂದಾಗ ಅವಳು ನಿಂತಳು. ಒಂದು ಕಾಲು ಮುಂದಿಟ್ಟಳು. ಕಾಲು ಸ್ವಲ್ಪ ಅಲುಗಿತು.

ಬಡಿಸುವವಳ ಕೈ ತಾನಾಗಿ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ಅವಳು ಅದನ್ನು ತಡೆದಳು, ಹಿಂದಕ್ಕೆ ತಂದು ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡಳು.

ಬೆನ್ನ ಹಿಂದಿನ ಬಿಸಿಲಿಗೆ ಇಬ್ಬರ ನೆರಳೂ ಮೆಟ್ಟಿಲುಗಳ ಮೇಲೆ ಉದ್ದಕ್ಕೆ ಬಿದ್ದಿದ್ದವು. ಅವಳ ನೆರಳಿನ ಕೈ ಹಿಂದೆ ಬಂದಿರಲಿಲ್ಲ. ಅದು ಗೆಳತಿಯ ನೆರಳಿನ ತೋಳನ್ನು ಹಿಡಿದುಕೊಂಡೇ ಇತ್ತು.

ಗೆಳತಿಯೂ ಅದನ್ನು ನೋಡಿದಳು.

"ಇನ್ನೂ ಇದೆಯಲ್ಲೇ."

"ಇದೆ," ಎಂದಳು ಬಡಿಸುವವಳು.

ಗೆಳತಿ ಇನ್ನೊಂದು ಕಾಲನ್ನೂ ಕೆಳಗಿಟ್ಟಳು.

"ಅದು ಹಿಡ್ಕೊಂಡಿರಲಿ. ನೀ ಬಿಡು."